ಹುಬ್ಬುಗಲ್ಲಿನ ಅಡಿಯ ತೋಡು

ಫೆಬ್ರವರಿ 3

ಮಾವನಿಗೆ,

ಗಡಿಬಿಡಿಯ ನಮಸ್ಕಾರಗಳು. ಫೋನ್ ಮಾಡಿದರೆ ನೀವು ಎಲ್ಲದಕ್ಕೂ "ಹೂಂ, ಹೂಂ" ಎಂದು ಹೇಳಿ, ಇಟ್ಟ ಮೇಲೆ ಅತ್ತೆಯನ್ನು "ಏನಂತೆ ಅವಳದ್ದು?" ಎಂದು ಕೇಳುತ್ತೀರಂತೆ. ನಲವತ್ತು ವರ್ಷ ಕಲ್ಲಿಗೆ ಸುತ್ತಿಗೆ ಬಡಿದ ಕಿವಿ, ಬೈದು ಪ್ರಯೋಜನವಿಲ್ಲ. ಆದ್ದರಿಂದ ಕಾಗದ.

ಕುಳಿತುಕೊಂಡು ಓದಿ. ಚೂಪುಕಿಟಕಿ ಮನೆಯ ಕಲ್ಲಿನ ಕೆಲಸ ನನಗೆ ಸಿಕ್ಕಿದೆ! ಪೂರ್ತಿ ಮನೆ. ಐದು ಜನ ಕೆಲಸಗಾರರ ಮೇಲೆ ನಾನು ಮೇಸ್ತ್ರಿ. ಇಂಜಿನಿಯರ್ ನನ್ನನ್ನು ನೋಡಿ ಒಂದು ಕ್ಷಣ ನನ್ನ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರಾ ಎಂದು ಇಣುಕಿದರು. ಆಮೇಲೆ ನನ್ನ ಕೈ ನೋಡಿ ನಕ್ಷೆ ಬಿಚ್ಚಿದರು.

ನಿಮಗೆ ಗೊತ್ತಿರುವ ಮನೆಯೇ. ಆದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಗಾಥಿಕ್ ಶೈಲಿಯ ಮನೆಗಳ ಚಿತ್ರ ಎಷ್ಟೋ ನೋಡಿದ್ದೆ, ಆದರೆ ಎದುರಿಗೆ ನಿಂತಾಗ ಬೇರೆಯೇ. ತುದಿ ಚೂಪಾದ ಕಮಾನುಗಳು, ಬಾಗಿಲ ಎರಡೂ ಕಡೆ ಕಲ್ಲಿನ ಎಲೆಗೊಂಚಲು, ಸೂರಿನ ಮೂಲೆಯಲ್ಲಿ ಮೂಗು ಕಳೆದುಕೊಂಡ ಒಂದು ಕಲ್ಲುಮುಖ. ಬೀದಿ ಕಡೆಯ ಆ ದೊಡ್ಡ ಕಿಟಕಿ, ಅದರ ಮೇಲೆ ನಿಮ್ಮ ಹನ್ನೊಂದು ಹುಬ್ಬುಗಲ್ಲುಗಳು. ಮಳೆ ಗಾಜಿನ ಮೇಲೆ ಬೀಳದಂತೆ ಕಮಾನಿನುದ್ದಕ್ಕೂ ಮುಂದೆ ಚಾಚಿದ ಅಂಚು. ನಿಮ್ಮ ಮನೆಯ ಹಜಾರದ ಫೋಟೊದಲ್ಲಿ ನೀವು ಮೀಸೆ ತಿರುವಿಕೊಂಡು ನಿಂತಿರುವುದು ಅದರ ಕೆಳಗೇ ಅಲ್ಲವೇ? ಚಿಕ್ಕವಳಿದ್ದಾಗ ಆ ಫೋಟೊ ನೋಡಿಯೇ ನನಗೆ ಕಲ್ಲಿನ ಹುಚ್ಚು ಹಿಡಿದದ್ದು. "ಹುಡುಗಿಗೆ ಕಲ್ಲು ಕೆಲಸವೇ?" ಎಂದು ಮನೆಮಂದಿಯೆಲ್ಲ ಗಲಾಟೆ ಮಾಡಿದಾಗ ನೀವೊಬ್ಬರೇ ನನ್ನ ಕೈಗೆ ಉಳಿ ಕೊಟ್ಟಿರಿ. ಆ ಋಣ ನಾನು ಮರೆತಿಲ್ಲ, ಮಾವ.

ಬೀದಿ ಕಿಟಕಿಯ ಸರದಿ ಮಾರ್ಚಿನಲ್ಲಿ. ಆಗ ಹೇಗೆ ಮಾಡಿದಿರಿ, ಎಷ್ಟು ದಿನ ಹಿಡಿಯಿತು, ಎಲ್ಲ ಬರೆಯಿರಿ. ನಮ್ಮವರ ಮುಂದೆ ಜಂಬ ಕೊಚ್ಚಿಕೊಳ್ಳಬೇಕು.

ನಿಮ್ಮ
ಗಡಿಬಿಡಿ


ಫೆಬ್ರವರಿ 14

ಗಡಿಬಿಡಿ,

ಕಾಗದ ಬಂತು. ಸಂತೋಷವಾಯಿತು. ನಿನ್ನ ಅತ್ತೆ ಅದನ್ನು ಪಕ್ಕದ ಮನೆಯವರಿಗೆ ಓದಿ ಹೇಳಿದಳು, ನನಗೆ ಕೇಳಿಸಲಿ ಎಂದು ಕಿರುಚಿ ಓದಿದ್ದರಿಂದ ಇಡೀ ಬೀದಿಗೆ ಗೊತ್ತಾಗಿದೆ.

ಮೇಸ್ತ್ರಿ ಆಗಿದ್ದೀಯ, ಈಗ ಕೈ ಕಡಿಮೆ ಮಾಡಿ ಕಣ್ಣು ಜಾಸ್ತಿ ಮಾಡು. ಗಾರೆಯ ಸುಣ್ಣ ಚೆನ್ನಾಗಿ ಕೊಳೆಯಲಿ, ಅವಸರ ಬೇಡ. ಹೊಸ ಕಲ್ಲು ಗಣಿಯಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಬೇಕು, ಲಾರಿಯಿಂದ ಇಳಿಸುವ ಮೊದಲೇ ಮೇಲು ಯಾವುದೆಂದು ಗುರುತು ಹಾಕಿಸು. ಲಾರಿಯವರ ಮಾತು ನಂಬಬೇಡ. ಮೂಗಿಲ್ಲದ ಆ ಮುಖಕ್ಕೆ ಹೊಸ ಮೂಗು ಅಂಟಿಸಲು ಹೋಗಬೇಡ. ಅದು ಯಾರ ಮೂಗೋ ನಿನಗೆ ಗೊತ್ತಿಲ್ಲ.

ಫೋಟೊದ ಮೀಸೆಯವನ ವಿಷಯ ಬಿಡು. ಬೀದಿ ಕಿಟಕಿಗೆ ಕೈ ಹಾಕುವ ಮೊದಲು ನನಗೆ ಬರೆ.

ನಿನ್ನ ಮಾವ


ಮಾರ್ಚ್ 20

ಮಾವನಿಗೆ,

ಬರೆಯಲು ತಡವಾಯಿತು, ಕೆಲಸದ ನಡುವೆ ಉಸಿರಾಡಲೂ ಪುರುಸೊತ್ತಿಲ್ಲ. ಹಿಂಬದಿಯ ಎರಡು ಕಿಟಕಿ ಮುಗಿದವು. ಮೂಗಿಲ್ಲದವನು ಹಾಗೇ ಇದ್ದಾನೆ, ಮುಖ ತೊಳೆಸಿದ್ದೇವೆ ಅಷ್ಟೆ.

ಮನೆಯ ಯಜಮಾನಿಯ ಬಗ್ಗೆ ಹೇಳಲೇಬೇಕು. ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಾರೆ. ಎಪ್ಪತ್ತೈದು ದಾಟಿದೆ. ಈಗಲೂ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಾರೆ. ತಂಗಿ, ತಂಗಿಯ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಮನೆ ತುಂಬ ಜನ. ಆದರೆ ಅಷ್ಟು ದೊಡ್ಡ ಮನೆಯಲ್ಲಿ ಇವರು ಊಟ ಮಾಡುವುದು ಓಣಿಯಂಥ ನಡುಮನೆಯಲ್ಲಿ! ಉದ್ದನೆಯ ಮೇಜು, ಒಂದು ಕಡೆ ಕುಳಿತವರಿಗೆ ಎದ್ದು ಹೋಗಬೇಕಾದರೆ ಉಳಿದವರೆಲ್ಲ ಏಳಬೇಕು. ಒಮ್ಮೆ ನನ್ನನ್ನೂ ಊಟಕ್ಕೆ ಕೂರಿಸಿದರು. ಮಧ್ಯದಲ್ಲಿ ಫೋನ್ ಬಂತು, ನನ್ನಿಂದಾಗಿ ನಾಲ್ಕು ಜನ ತಟ್ಟೆ ಹಿಡಿದು ಎದ್ದು ನಿಂತರು.

"ಯಾಕಮ್ಮಾ ಇಲ್ಲಿ?" ಎಂದು ಕೇಳಿದೆ. ಬೀದಿ ಕಡೆಯ ಕೋಣೆಯ ಗೋಡೆಗೆ ತೇವ ಬರುತ್ತದಂತೆ. ಪಿಯಾನೊ ಕೆಡುತ್ತದೆಂದು ಅದನ್ನು ಊಟದ ಕೋಣೆಗೆ ತಂದರು, ಊಟದ ಮೇಜು ನಡುಮನೆಗೆ ಬಂತು. "ಎರಡು ತಿಂಗಳ ಮಟ್ಟಿಗೆ ಅಂತ ತಂದಿದ್ದು. ಇಪ್ಪತ್ತೆಂಟು ವರ್ಷ ಆಯ್ತು" ಎಂದು ನಕ್ಕರು. ಒಳಗಿನಿಂದ ಎಷ್ಟು ಸಲ ಗಾರೆ ಕಿತ್ತು ಬಳಿದರೂ, ಬಣ್ಣ ಹೊಡೆದರೂ ಮೊದಲ ಮಳೆಗೆ ಎಲ್ಲ ಪೊರೆ ಬಿಡುತ್ತದಂತೆ.

ಬೀದಿ ಕಿಟಕಿಗೆ ಸಾರುವೆ ಕಟ್ಟಿಸಿದೆ. ಹತ್ತಿ ನೋಡಿದೆ. ಕೆಲಸ ಚೆನ್ನಾಗಿದೆ.

ಅತ್ತೆಗೆ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿ ಕೊಡುತ್ತೀರಾ, ಇಲ್ಲವಾ?

ನಿಮ್ಮ
ಗಡಿಬಿಡಿ


ಮಾರ್ಚ್ 28

ಗಡಿಬಿಡಿ,

ಊಟದ ಮೇಜಿಗೆ ಒಂದು ಪುಟ, ಕಿಟಕಿಗೆ ಒಂದು ಸಾಲು. ನೀನು ಸುಳ್ಳು ಹೇಳುವುದನ್ನು ನನ್ನ ಹತ್ತಿರ ಕಲಿತಿಲ್ಲ, ಅದಕ್ಕೇ ಬರುವುದಿಲ್ಲ. ಕಲ್ಲಿನ ಅಡಿಗೆ ಹೆಬ್ಬೆರಳು ಹಾಕಿ ನೋಡಿದ್ದೀಯ. ಅಲ್ಲಿ ಏನೂ ಇಲ್ಲ ಎಂದು ನಿನಗೆ ಗೊತ್ತಾಗಿದೆ.

ಹುಬ್ಬುಗಲ್ಲಿನ ಅಡಿಯಲ್ಲಿ ಅಂಚಿನುದ್ದಕ್ಕೂ ಕಿರುಬೆರಳು ಹಿಡಿಸುವ ಒಂದು ತೋಡು ಇರಬೇಕು. ಅದಿದ್ದರೆ ನೀರು ಅಲ್ಲೇ ಕಡಿದು ಹನಿಯಾಗಿ ನೆಲಕ್ಕೆ ಬೀಳುತ್ತದೆ. ಇಲ್ಲದಿದ್ದರೆ, ಮೂತಿಯಿಲ್ಲದ ಪಾತ್ರೆಯಿಂದ ಹಾಲು ಬಗ್ಗಿಸಿದಾಗ ಪಾತ್ರೆಯ ಹೊಟ್ಟೆಗುಂಟ ಇಳಿಯುತ್ತದಲ್ಲ, ಹಾಗೆ ಕಲ್ಲಿನ ಅಡಿಯಿಂದ ಗೋಡೆಗೇ ಹೋಗುತ್ತದೆ. ನನ್ನ ಹನ್ನೊಂದು ಕಲ್ಲುಗಳಲ್ಲಿ ಆ ತೋಡಿಲ್ಲ. ಟೀಚರಮ್ಮನ ಗೋಡೆ ಕೆಡಿಸಿದವನು ನಾನು.

ಹೇಗಾಯಿತು ಎಂದು ಕೇಳುತ್ತೀಯ. ಹಳೆಯ ಹುಬ್ಬು ತೀರಾ ಸವೆದಿತ್ತು. ಇದ್ದುದರಲ್ಲೇ ಗಟ್ಟಿಯಾದ ಕಲ್ಲು ಆರಿಸಿ ಅದರ ಪಕ್ಕದ ನೋಟವನ್ನು ತಗಡಿನಲ್ಲಿ ಕತ್ತರಿಸಿದೆ. ಆ ತಗಡನ್ನೇ ಅಚ್ಚಾಗಿ ಇಟ್ಟುಕೊಂಡು ಹನ್ನೊಂದನ್ನೂ ಕೆತ್ತಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದೇ ನನ್ನ ಜಂಬ. ಆದರೆ ನೂರು ವರ್ಷದ ಮಳೆ ಆ ಕಲ್ಲಿನ ತುಟಿಯನ್ನು ತಿಂದು ಹಾಕಿತ್ತು, ತುಟಿಯ ಜೊತೆ ತೋಡೂ ಹೋಗಿತ್ತು. ನಾನು ಕಲ್ಲನ್ನು ನಕಲು ಮಾಡಲಿಲ್ಲ, ಅದರ ಸವಕಳಿಯನ್ನು ನಕಲು ಮಾಡಿದೆ. ಹೋಲಿಸಿ ನೋಡೋಣವೆಂದರೆ ಆ ಮನೆಯಲ್ಲಿ ಬೇರೆ ಯಾವ ಕಿಟಕಿಗೂ ಹುಬ್ಬಿಲ್ಲ.

ಆಗ ನನ್ನ ಮೇಲಿದ್ದ ದೊಡ್ಡ ಮೇಸ್ತ್ರಿ ಬೇರೆ ಊರಿನಿಂದ ಜನ ಕರೆಸಿ ನನ್ನ ಕೆಲಸ ತೋರಿಸಿದರು. ಆ ಕಿಟಕಿಯ ಹೆಸರಿನಲ್ಲೇ ನನ್ನನ್ನು ಮೇಸ್ತ್ರಿ ಮಾಡಿದರು. ಮೊದಲ ಮಳೆಯಲ್ಲಿ ಅಭಿಮಾನದಿಂದ ನೋಡಲು ಹೋದೆ. ಎದುರಿನ ಔಷಧಿ ಅಂಗಡಿಯ ತಗಡಿನ ಸೂರಿನ ಕೆಳಗೆ ನಿಂತು ನೋಡುತ್ತೇನೆ, ಹುಬ್ಬಿನಿಂದ ಒಂದು ಹನಿಯೂ ಬೀಳುತ್ತಿಲ್ಲ. ಎಲ್ಲ ಗೋಡೆಗೇ ಇಳಿಯುತ್ತಿದೆ. ಬಾಗಿಲು ತಟ್ಟಿ ಹೇಳಬೇಕಿತ್ತು. ಬಸ್ ಹತ್ತಿ ಮನೆಗೆ ಬಂದೆ.

ಆಮೇಲೆ ಪ್ರತಿ ವರ್ಷ ಮಳೆ ಹಿಡಿದ ವಾರ ಹೋಗುತ್ತಿದ್ದೆ. ಈ ಸಲ ಹೇಳಿಬಿಡೋಣ ಎಂದೇ ಹೊರಡುವುದು. ಅಂಗಡಿಯ ಸೂರಿನಿಂದ ಆಚೆ ಕಾಲಿಡಲು ಆಗುತ್ತಿರಲಿಲ್ಲ. ನಿನ್ನ ಅತ್ತೆಗೆ ಕಣ್ಣು ತೋರಿಸಲು ಹೋಗುತ್ತೇನೆ ಎಂದು ಹೇಳಿದ್ದೇನೆ.

ಕೆಲಸ ಮುಗಿದ ವರ್ಷ ಟೀಚರಮ್ಮ ನನಗೊಂದು ಕಾಗದ ಬರೆದಿದ್ದರು. "ನಿಮ್ಮ ಕಿಟಕಿಯಿಂದ ನಮ್ಮ ಬೀದಿಗೇ ಕಳೆ ಬಂದಿದೆ, ಧನ್ಯವಾದ" ಎಂದು. ಅದು ನನ್ನ ಉಳಿಗಳ ಡಬ್ಬಿಯ ತಳದಲ್ಲಿದೆ. ಉತ್ತರ ಬರೆಯಲಿಲ್ಲ.

ಇಂಜಿನಿಯರ್‌ಗೆ ಕೊಡುವ ನಿನ್ನ ವರದಿಯಲ್ಲಿ ನನ್ನ ಹೆಸರು ಬರೆ.

ನಿನ್ನ ಮಾವ


ಏಪ್ರಿಲ್ 5

ಮಾವನಿಗೆ,

ನಿಮ್ಮ ಕಾಗದವನ್ನು ಸಾರುವೆಯ ಮೇಲೆ ಕುಳಿತು ಓದಿದೆ. ಮೊದಲು ಸಿಟ್ಟು ಬಂತು. ಇಪ್ಪತ್ತೊಂಬತ್ತು ವರ್ಷ! ಒಂದು ಸಲ, ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ಆ ಮಕ್ಕಳು ಓಣಿಯಲ್ಲಿ ತಟ್ಟೆ ಹಿಡಿದು ಎದ್ದು ನಿಲ್ಲುವುದು ತಪ್ಪುತ್ತಿತ್ತು. ಸಿಟ್ಟು ಹೋಗಲಿ ಎಂದು ಕೆಳಗಿಳಿದು ಸುಣ್ಣ ಕಲಸಿದೆ. ನಮ್ಮವರು ಹತ್ತಿರ ಬರಲಿಲ್ಲ.

ಕಲಸುತ್ತಾ ನನ್ನ ಮೊದಲ ದಿನ ನೆನಪಾಯಿತು. ನಾನು ಒಂದು ಕಲ್ಲಿನ ಮುಂದೆ ನಿಂತು ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದೆ. ನೀವು ನನ್ನ ಕೈ ಹಿಡಿದು ಎಳೆದು ಹೆಬ್ಬೆರಳನ್ನು ಕಲ್ಲಿನ ಅಡಿಗೆ ಒತ್ತಿದಿರಿ. "ಮುಖ ಊರೆಲ್ಲ ನೋಡತ್ತೆ, ನೀನು ಅಡಿ ನೋಡು" ಎಂದಿರಿ. ಹದಿನಾರು ವರ್ಷದಿಂದ ಯಾವ ಕಟ್ಟಡಕ್ಕೆ ಹೋದರೂ ನನ್ನ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ನಾನು ಕಟ್ಟಿದ ಒಂದೇ ಒಂದು ಗೋಡೆ ಇದುವರೆಗೆ ಒದ್ದೆಯಾಗಿಲ್ಲ. ಇದು ನಿಮಗೆ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು. ನಿಮ್ಮ ಮೇಲೆ ಸಿಟ್ಟಿದೆ, ಮಾವ. ಆದರೆ ಸಿಟ್ಟಿನ ಎರಡರಷ್ಟು ಋಣ ಇದೆ, ಏನು ಮಾಡಲಿ?

ಈಗ ಕೆಲಸದ ಮಾತು. ಕಿಟಕಿಯ ಪಕ್ಕದ ಮಳೆನೀರಿನ ಕೊಳವೆ ಬಿಚ್ಚಿಸಿದೆ. ಅದರ ಹಿಂದೆ ಹುಬ್ಬಿನ ಕೊನೆಯ ತುಂಡು ಇದೆ, ಗೇಣುದ್ದದ ಹನ್ನೆರಡನೆಯ ಕಲ್ಲು. ಕಾಣುವುದಿಲ್ಲ ಎಂದು ನೀವು ಅದನ್ನು ಬದಲಾಯಿಸಿರಲಿಲ್ಲ. ಕೊಳವೆಯ ಮರೆಯಲ್ಲಿದ್ದುದರಿಂದ ಅದು ಸವೆದೇ ಇಲ್ಲ. ಹೆಬ್ಬೆರಳು ಹಾಕಿದೆ. ತೋಡು ಅಲ್ಲೇ ಇತ್ತು, ಮೊನ್ನೆ ಕೆತ್ತಿದಂತೆ. ಅದರ ಗೆರೆಯನ್ನು ಕಾಗದದ ಮೇಲೆ ತೆಗೆದು ಇದರ ಜೊತೆ ಕಳಿಸಿದ್ದೇನೆ.

ನಿಮ್ಮ ಕಲ್ಲುಗಳಲ್ಲಿ ಈಗ ತೋಡು ಕೊರೆಯೋಣವೆಂದರೆ ಅವುಗಳ ಚಾಚು ಸಾಲದು, ಅಂಚು ಮುರಿದುಬೀಳುತ್ತದೆ. ಎರಡು ದಾರಿ ಇವೆ. ಸೀಸದ ಹಾಳೆ ಹೊದಿಸಿ ಅಂಚನ್ನು ಹೊರಗೆ ಬಗ್ಗಿಸಿದರೆ ನಿಮ್ಮ ಕಲ್ಲುಗಳು ಉಳಿಯುತ್ತವೆ, ನೀರೂ ಹೆಚ್ಚುಕಡಿಮೆ ನಿಲ್ಲುತ್ತದೆ. ಇಲ್ಲದಿದ್ದರೆ ಹನ್ನೊಂದನ್ನೂ ತೆಗೆದು ಹೊಸದು. ಇಂಜಿನಿಯರ್ ಮೇಸ್ತ್ರಿಯ ಇಷ್ಟ ಎಂದಿದ್ದಾರೆ. ಅಷ್ಟು ಸೊಗಸಾದ ಕೆಲಸಕ್ಕೆ ಉಳಿ ಇಡಲು ನನಗೆ ಕೈ ಬರುತ್ತಿಲ್ಲ. ನೀವು ಹೇಳಿ. ಟೀಚರಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ. ಅದು ನಿಮ್ಮ ಮಾತು.

ನಿಮ್ಮ
ಗಡಿಬಿಡಿ


ಏಪ್ರಿಲ್ 16

ಗಡಿಬಿಡಿ,

ತೆಗೆದು ಹಾಕು.

ಹೆಚ್ಚುಕಡಿಮೆ ನಿಲ್ಲುವ ನೀರು ನಿಂತ ನೀರಲ್ಲ. ನನ್ನ ಮರ್ಯಾದೆಗೆ ಸೀಸದ ಟೋಪಿ ಹಾಕಿ ಆಕೆಯ ಗೋಡೆಯನ್ನು ಇನ್ನೊಂದು ಮಳೆಗೆ ಒಡ್ಡಬೇಡ. ಸೊಗಸಿನ ಮಾತು ಬಿಡು. ಮಳೆ ತಡೆಯದ ಹುಬ್ಬು ಎಂಥ ಸೊಗಸು?

ನೀನು ಕಳಿಸಿದ ಗೆರೆ ನೋಡಿದೆ. ಎಷ್ಟು ಸಣ್ಣ ವಿಷಯ! ಒಂದು ಗೇಣು ಆಚೆ, ಕೊಳವೆಯ ಹಿಂದೆ ಕೈ ಹಾಕಿದ್ದರೆ ಸಿಗುತ್ತಿತ್ತು. ಅಂದು ರಾತ್ರಿ ಊಟ ಸೇರಲಿಲ್ಲ. ಮರುದಿನ ಎದ್ದು ತಗಡು ತಂದೆ. ಕೈ ನಡುಗುತ್ತದೆ, ಅದಕ್ಕೆ ನಿನ್ನ ಅತ್ತೆ ತಗಡನ್ನು ಮೇಜಿಗೆ ಒತ್ತಿ ಹಿಡಿದಳು, ನಾನು ಕತ್ತರಿಸಿದೆ. ಮೂರು ಕೆಟ್ಟವು, ನಾಲ್ಕನೆಯದು ಸರಿಯಾಯಿತು. ಇದರ ಜೊತೆ ಇದೆ. ಹನ್ನೆರಡನೆಯ ಕಲ್ಲಿಗೆ ಹಿಡಿದು ನೋಡು. ಬೆಳಕು ನುಸುಳಿದರೆ ಎಸೆದುಬಿಡು, ನನ್ನ ಮುಖ ನೋಡಬೇಡ.

ಟೀಚರಮ್ಮನಿಗೆ ನಾನೇ ಬರೆಯುತ್ತೇನೆ. ಈಗಾಗಲೇ ನಾಲ್ಕು ಹಾಳೆ ಹರಿದಿದ್ದೇನೆ.

ನಿನ್ನ ಮಾವ


ಮೇ 2

ಟೀಚರಮ್ಮನವರಿಗೆ,

ಇಪ್ಪತ್ತೊಂಬತ್ತು ವರ್ಷದ ಹಿಂದೆ ತಾವು ನನಗೆ ಬರೆದ ಪತ್ರಕ್ಕೆ ಇದು ಉತ್ತರ.

ತಮ್ಮ ಬೀದಿ ಕಿಟಕಿಯ ಹುಬ್ಬುಗಲ್ಲು ಕೆತ್ತಿದವನು ನಾನು. ಈಗ ತಮ್ಮ ಮನೆಯಲ್ಲಿ ಕೆಲಸ ಮಾಡಿಸುತ್ತಿರುವ ಹುಡುಗಿ ನನ್ನ ಅಕ್ಕನ ಮಗಳು. ನಾನು ಕೆತ್ತಿದ ಕಲ್ಲಿನಲ್ಲಿ ನೀರು ಕಡಿಯುವ ತೋಡು ಇರಲಿಲ್ಲ. ತಮ್ಮ ಕೋಣೆ ಕೆಟ್ಟದ್ದು ಅದರಿಂದ. ಗೊತ್ತಿಲ್ಲದೆ ಮಾಡಿದೆ, ಆದರೆ ಮೊದಲ ಮಳೆಗೇ ಗೊತ್ತಾಯಿತು. ಆಮೇಲೆ ಸುಮ್ಮನಿದ್ದದ್ದು ಗೊತ್ತಿದ್ದೇ. ಮೊದಲನೆಯದು ಕೈತಪ್ಪು. ಎರಡನೆಯದಕ್ಕೆ ನನ್ನಲ್ಲಿ ಹೆಸರಿಲ್ಲ.

ಕ್ಷಮಿಸಿ ಎಂದು ಕೇಳಲೂ ತಡವಾಗಿದೆ. ಆದರೂ ಕೇಳುತ್ತಿದ್ದೇನೆ. ತಾವು ಅಂದು ಹೇಳಿದ ಧನ್ಯವಾದವನ್ನು ಇಷ್ಟು ವರ್ಷ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಅದು ನನ್ನದಲ್ಲ.

ತಮ್ಮ ಕಿಟಕಿಯ
ಕಲ್ಲು ಕೆಲಸದವನು


ಮೇ 11

ಮೇಸ್ತ್ರಿಗಳಿಗೆ,

ನಿಮ್ಮ ಪತ್ರ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಕೋಪ ಬಂತು ಎಂದು ಹೇಳದಿದ್ದರೆ ನಾನೂ ನಿಮ್ಮ ಹಾಗೆ ಮುಚ್ಚಿಟ್ಟಂತಾಗುತ್ತದೆ. ನಮ್ಮ ತಾಯಿ ಆ ಕೋಣೆಯ ಬೆಳಕಿನಲ್ಲಿ ಕೂರಬೇಕೆಂದು ಕೊನೆಯವರೆಗೂ ಆಸೆಪಟ್ಟರು. ಆಗಲಿಲ್ಲ. ಇದನ್ನು ನೀವು ತಿಳಿದಿರಬೇಕು.

ಇನ್ನು ನೀವು ತಿಳಿಯದ ಒಂದು ವಿಷಯ ಹೇಳುತ್ತೇನೆ. ಪ್ರತಿ ಮಳೆಗಾಲ ಎದುರಿನ ಔಷಧಿ ಅಂಗಡಿಯ ಸೂರಿನ ಕೆಳಗೆ ಒಬ್ಬರು ಬಂದು ನಿಲ್ಲುತ್ತಿದ್ದರು. ಒಂದು ಗಂಟೆ, ಎರಡು ಗಂಟೆ. ಕಣ್ಣು ಮಿಟುಕಿಸದೆ ಕಿಟಕಿಯನ್ನೇ ನೋಡುತ್ತಿದ್ದರು. ಮೊದಲ ವರ್ಷವೇ ಗುರುತು ಹಿಡಿದೆ. ಮೀಸೆ ಬೆಳ್ಳಗಾಗುತ್ತಾ ಹೋದದ್ದನ್ನೂ ನೋಡಿದ್ದೇನೆ. ನಾನು ಏನು ತಿಳಿದುಕೊಂಡೆ ಗೊತ್ತೇ? ಪಾಪ, ತನ್ನ ಕೈಕೆಲಸದ ಮೇಲೆ ಎಷ್ಟು ಪ್ರೀತಿ, ಮಳೆಯಲ್ಲಿ ನೆನೆಯುತ್ತಾ ನೋಡಲು ಬರುತ್ತಾರೆ ಎಂದು. ಗೋಡೆ ಸೋರುವುದನ್ನು ನಿಮಗೆ ಹೇಳಿ ಕಳಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಆ ಪ್ರೀತಿಗೆ ಕಲ್ಲು ಹಾಕುವುದು ಬೇಡವೆಂದು ಬಿಟ್ಟೆ. ನೀವು ಸುಮ್ಮನಿದ್ದಿರಿ, ನಾನೂ ಸುಮ್ಮನಿದ್ದೆ. ಇಬ್ಬರ ನಡುವೆ ಒದ್ದೆಯಾದದ್ದು ಗೋಡೆ.

ನೀವು ಹಿಂದಕ್ಕೆ ಕಳಿಸಿದ ಪತ್ರವನ್ನು ಮತ್ತೆ ನಿಮಗೇ ಕಳಿಸುತ್ತಿದ್ದೇನೆ. ಅದರಲ್ಲಿ ಬರೆದದ್ದು ನಿಜ. ಆ ಕಿಟಕಿ ನೋಡಿ ಬೀದಿಯಲ್ಲಿ ನಿಂತವರು ನೀವೊಬ್ಬರೇ ಅಲ್ಲ. ಈಗ ಇನ್ನೊಂದು ಧನ್ಯವಾದವೂ ಸೇರಿಸಿದ್ದೇನೆ, ನಿಮ್ಮ ಅಕ್ಕನ ಮಗಳಿಗೆ ಕೆಲಸ ಕಲಿಸಿದ್ದಕ್ಕೆ. ಅವಳು ನಮ್ಮ ಮನೆಯಲ್ಲಿ ಯಾವ ಕಲ್ಲು ಕಂಡರೂ ಮೊದಲು ಅದರ ಅಡಿಗೆ ಹೆಬ್ಬೆರಳು ಹಾಕುತ್ತಾಳೆ. ಮೊನ್ನೆ ಮಾತಾಡುತ್ತಾ ಮಾತಾಡುತ್ತಾ ನಮ್ಮ ಪಿಯಾನೊದ ಅಡಿಗೂ ಹಾಕಿದಳು.

ಮಳೆ ಹಿಡಿದ ಮೇಲೆ ಬನ್ನಿ. ಅಂಗಡಿಯವರೆಗೆ ಅಲ್ಲ, ಮನೆಗೆ.

ಚೂಪುಕಿಟಕಿ ಮನೆಯ
ಟೀಚರ್


ಜೂನ್ 19

ಗಡಿಬಿಡಿ,

ಹೋಗಿ ಬಂದೆ. ನೀನು ಮುಂದಿನ ಕೆಲಸಕ್ಕೆ ಹೊರಟುಹೋಗಿದ್ದೆ, ಇರದಿದ್ದದ್ದೇ ಒಳ್ಳೆಯದಾಯಿತು. ನಾನು ಅತ್ತದ್ದನ್ನು ನೀನು ನಿನ್ನ ಕೆಲಸಗಾರರಿಗೆ ವರದಿ ಮಾಡುತ್ತಿದ್ದೆ.

ಬಸ್ಸಿಳಿಯುವಾಗಲೇ ಮಳೆ. ಕಾಲು ಹಳೆಯ ಅಭ್ಯಾಸದಂತೆ ಔಷಧಿ ಅಂಗಡಿಗೇ ಹೋಯಿತು. ಸೂರಿನ ಕೆಳಗೆ ನಿಂತು ನೋಡಿದೆ. ನಿನ್ನ ಹನ್ನೊಂದು ಕಲ್ಲುಗಳ ಅಂಚಿನಿಂದ ಹನಿಗಳು ಸಾಲಾಗಿ ಬೀಳುತ್ತಿದ್ದವು, ಗೋಡೆಯಿಂದ ಒಂದು ಗೇಣು ದೂರ. ಕಮಾನಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಹನಿಯೂ ಗೋಡೆ ಕಡೆ ತಿರುಗಲಿಲ್ಲ. ಕಣ್ತುಂಬ ನೋಡಿದೆ. ನಾನು ಮಾಡಿದ್ದಕ್ಕಿಂತ ಚೆನ್ನಾಗಿದೆ. ಇದನ್ನು ನಾನು ಇನ್ನೊಮ್ಮೆ ಹೇಳುವುದಿಲ್ಲ, ಕಾಗದ ಜೋಪಾನವಾಗಿ ಇಟ್ಟುಕೋ.

ಅಷ್ಟರಲ್ಲಿ ಆ ಕಿಟಕಿ ತೆರೆಯಿತು. ಟೀಚರಮ್ಮ ಕೈ ಬೀಸಿ ಏನೋ ಕೂಗಿದರು. ನನಗೆಲ್ಲಿ ಕೇಳಿಸಬೇಕು? ಅಂಗಡಿಯವನು ನನ್ನ ಭುಜ ತಟ್ಟಿ ಕಿವಿಯ ಹತ್ತಿರ ಬಂದು ಕಿರುಚಿದ, "ಯಜಮಾನ್ರೇ, ಊಟ ತಣ್ಣಗಾಗ್ತಿದೆಯಂತೆ!"

ರಸ್ತೆ ದಾಟಿದೆ. ಎಂಟು ಹೆಜ್ಜೆ, ಅಷ್ಟೇ ಇರುವುದು.

ಊಟದ ಮೇಜು ಅದರ ಕೋಣೆಗೆ ಹೋಗಿದೆ, ಪಿಯಾನೊ ಬೀದಿ ಕೋಣೆಗೆ ಬಂದಿದೆ. ನಾನು ಮೊದಲು ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟೆ. ಒಣಗಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ. ಟೀಚರಮ್ಮ ಪಕ್ಕದಲ್ಲಿ ನಿಂತು ತಾವೂ ಕೈ ಇಟ್ಟರು. ಆಮೇಲೆ ಅವರ ತಾಯಿಯ ಕುರ್ಚಿ ಇಲ್ಲೇ ಇರುತ್ತಿತ್ತು ಎಂದು ಜಾಗ ತೋರಿಸಿದರು. ನಾನು ಆ ಜಾಗಕ್ಕೆ ಕೈ ಮುಗಿದೆ.

ಊಟಕ್ಕೆ ನನ್ನನ್ನೂ ಸೇರಿಸಿ ಏಳು ಜನ. ಮಧ್ಯದಲ್ಲಿ ಒಂದು ಮಗು ನೀರಿಗೆಂದು ಎದ್ದಿತು. ಉಳಿದವರೆಲ್ಲ ಅಭ್ಯಾಸಬಲದಿಂದ ತಟ್ಟೆ ಹಿಡಿದು ಎದ್ದು ನಿಂತರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾ ಕುಳಿತರು. ನಾನೂ ನಕ್ಕೆ. ಆ ನಗುವಿಗೆ ಸೇರಿಸಿಕೊಂಡರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ನನ್ನ ಕಲ್ಲುಗಳನ್ನು ಅಂಗಳದ ಹೂಪಾತಿಯ ಸುತ್ತ ಇಡಿಸಿದ್ದಾರೆ, ಕೆತ್ತಿದವನ ಗುರುತು ಮೇಲೆ ಕಾಣುವ ಹಾಗೆ. ಗೋಡೆಯೊಳಗೆ ಹುದುಗಿ ಹೋಗಬೇಕಾದ ನನ್ನ ಕಾಗೆಕಾಲಿನ ಗುರುತು ಈಗ ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ನೆಲದ ಮೇಲೆ ಚೆನ್ನಾಗಿವೆ. ಅಲ್ಲಿ ನೀರು ಎಲ್ಲಿಗೆ ಬೇಕಾದರೂ ಹರಿಯಲಿ.

ಮನೆಗೆ ಬಂದೆ. ನಿನ್ನ ಅತ್ತೆ ಟವೆಲ್ ಕೊಡುತ್ತಾ ಎಂದಿನಂತೆ ಕೇಳಿದಳು, "ಕಣ್ಣು ಹೇಗಿದೆಯಂತೆ?"

ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, "ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕನ್ನಡಕ, ನನಗೆ ಗೊತ್ತಾಗಲ್ವಾ? ನೀವಾಗಿ ಹೇಳಲಿ ಅಂತ ಕಾಯ್ತಿದ್ದೆ. ಮುಂದಿನ ಸಲ ನಾನೂ ಬರ್ತೀನಿ" ಎಂದಳು.

ಮುಂದಿನ ಸಲಕ್ಕೆ ಬಸ್ಸಿನಲ್ಲಿ ಎರಡು ಸೀಟು ನೋಡಿಟ್ಟಿದ್ದೇನೆ. ಕಿಟಕಿ ಪಕ್ಕದ ಸೀಟು ಅವಳಿಗೆ.

ನಿನ್ನ ಮಾವ